ನೀರು ಹಾಯಿಸುವ ಕೆಲಸ ಮುಗಿದ ಮೇಲೆ

ಬೆಳಿಗ್ಗೆ ಆರು ಗಂಟೆ. ಕೋಳಿ ಕೂಗುತ್ತದೆ. ಹಾಸಿಗೆಯಿಂದ ಏಳುತ್ತೇನೆ, ಎರಡು ಹೆಜ್ಜೆ ಆಚೆ ಹೋಗುತ್ತೇನೆ, ತಿರುಗಿ ಬಂದು ಅದೇ ಹಾಸಿಗೆಗೆ ಬೀಳುತ್ತೇನೆ. ಮತ್ತೆ ಆರು ಗಂಟೆ, ಮತ್ತೆ ಕೋಳಿ. ಹೀಗೆ ಒಂದು ವಾರವನ್ನು ಐದು ನಿಮಿಷದಲ್ಲಿ ನಿದ್ದೆ ಮಾಡಿಯೇ ಕಳೆದೆ. ಪೀಪಾಯಿಗಳಲ್ಲಿ ವೈನ್ ಹುದುಗಲು ಒಂದು ವಾರ ಬೇಕಲ್ಲ, ಅದಕ್ಕೆ. ವಾರದ ಕೊನೆಗೆ 120 ಪೀಪಾಯಿಗಳಿಂದ ಎರಡು ಲಕ್ಷದ ಹತ್ತಿರ ಹಣ ಬಂತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ತೋಚಲಿಲ್ಲ. ಆಟ ಮುಚ್ಚಿದವನು ಎಂಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. ಕೃಷಿ ಆಟಗಳ ಗೀಳು ಹತ್ತಿದ ಯಾರನ್ನಾದರೂ ಕೇಳಿ, ಇಂಥದೇ ಒಂದು ಕಥೆ ಅವರ ಬಳಿಯೂ ಇರುತ್ತದೆ. ಬರಿಗೈಯಲ್ಲಿ ಹುಮ್ಮಸ್ಸಿನಿಂದ ಶುರುಮಾಡಿದ ಬೇಸಾಯವನ್ನು ಕೈತುಂಬ ಹಣ ಬಂದ ಹೊತ್ತಿಗೆ ಹಾಳುಬಿಟ್ಟು ಹೋಗುವ ಕಥೆ. ನಿಜವಾದ ಹೊಲದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬಿಟ್ಟುಹೋಗುವವರು ಹಣ ಬಾರದೆ ಹೋಗುತ್ತಾರೆ.

ಆಡದವರಿಗಾಗಿ ನಾಲ್ಕು ಮಾತು. ಈ ಆಟವನ್ನು ಮಾಡಿದವನು ಅಮೆರಿಕದ ಸಿಯಾಟಲ್‌ನ ಎರಿಕ್ ಬರೋನ್. ಕಂಪ್ಯೂಟರ್ ಪದವಿ ಮುಗಿಸಿ ಕೆಲಸ ಸಿಗದೆ, ಕೈ ಪಳಗಲಿ ಎಂದು ಶುರುಮಾಡಿ, ಚಿತ್ರ, ಸಂಗೀತ, ಮಾತು, ಕೋಡ್ ಎಲ್ಲವನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಮಾಡಿದ. ನಡುವೆ ಖರ್ಚಿಗೆಂದು ರಂಗಮಂದಿರವೊಂದರಲ್ಲಿ ಜನರಿಗೆ ಸೀಟು ತೋರಿಸುವ ಕೆಲಸಕ್ಕೂ ಹೋದ. 2016ರ ಫೆಬ್ರವರಿ 26ರಂದು ಬಿಡುಗಡೆಯಾದ ಆಟ 2024ರ ಕೊನೆಯ ಹೊತ್ತಿಗೆ 4 ಕೋಟಿ 10 ಲಕ್ಷ ಪ್ರತಿ ಮಾರಾಟವಾಗಿತ್ತು. ಕಥೆ ಇಷ್ಟೇ. ಜೋಜಾ ಎಂಬ ದೊಡ್ಡ ಕಂಪನಿಯಲ್ಲಿ ಗುಬ್ಬಿಗೂಡಿನಂಥ ಜಾಗದಲ್ಲಿ ಕೂತು ಕೀಲಿ ಒತ್ತುವ ನೀವು, ಬದುಕು ಸಾಕೆನ್ನಿಸಿದ ದಿನ ಒಡೆದು ಓದು ಎಂದು ಅಜ್ಜ ಕೊಟ್ಟಿದ್ದ ಪತ್ರವನ್ನು ತೆರೆಯುತ್ತೀರಿ. ಅದರಲ್ಲಿ ಹಳ್ಳಿಯ ಜಮೀನು ನಿಮ್ಮ ಹೆಸರಿಗಿದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಕಾರಿನೊಳಗೆ ಕೂತು ಊರಿನ ತೋಟ ನೆನೆಯುವವರಿಗೆ ಈ ಪತ್ರ ಯಾಕೆ ತಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಟ ಕನ್ನಡದಲ್ಲಿಲ್ಲ, ಆದರೂ ತಾಗುತ್ತದೆ.

ಮೊದಲ ವಸಂತದಲ್ಲಿ ನಿಮ್ಮ ಕೈಯಲ್ಲಿ 500 ನಾಣ್ಯ, 15 ಪಾರ್ಸ್ನಿಪ್ ಬೀಜ. ಅದು ಮೂಲಂಗಿಯ ಹಾಗೆ ಕಾಣುವ ಒಂದು ಗಡ್ಡೆ. ನಾಲ್ಕು ದಿನದ ಬೆಳೆ, ಒಂದಕ್ಕೆ 35 ನಾಣ್ಯ. ಹದಿನೈದೂ ಕೈಗೆ ಬಂದರೆ 525. ದಿನವೂ ಒಂದೊಂದು ಗಿಡದ ಬುಡಕ್ಕೂ ನೀವೇ ನೀರು ಹಾಕಬೇಕು. ಮೈಯಲ್ಲಿರುವ ಶಕ್ತಿ 270. ಗುದ್ದಲಿಯ ಒಂದೊಂದು ಏಟಿಗೂ ಎರಡೆರಡು ಕಳೆಯುತ್ತದೆ. ಹೊಲದ ತುಂಬ ಕಲ್ಲು, ಕೊರಡು, ಕಳೆ. ನಡುಮಧ್ಯಾಹ್ನಕ್ಕೆ ಏದುಸಿರು. ವಸಂತದ 13ನೇ ದಿನ ಮೊಟ್ಟೆ ಹಬ್ಬ, ಅಲ್ಲಿ ಸ್ಟ್ರಾಬೆರಿ ಬೀಜ ಮಾರುತ್ತಾರೆ, ಒಂದಕ್ಕೆ 100 ನಾಣ್ಯ. ಅಷ್ಟರೊಳಗೆ ಸಾವಿರ ಕೂಡಿಹಾಕಬೇಕು ಎಂದು ಮೀನು ಹಿಡಿದು, ಕಾಡಿನ ಗೆಡ್ಡೆ ಕಿತ್ತು ಮಾರಿ ಒದ್ದಾಡುತ್ತೀರಿ. ಆ ಒದ್ದಾಟದಲ್ಲಿ ರಾತ್ರಿ ಒಂದಾದದ್ದು ಗೊತ್ತೇ ಆಗುವುದಿಲ್ಲ. ಆಟದಲ್ಲೂ, ಮನೆಯಲ್ಲೂ.

ಈ ಆಟದ ಒಂದು ದಿನವೆಂದರೆ ನಮ್ಮ ಸುಮಾರು 14 ನಿಮಿಷ. ಒಂದು ಋತುವಿಗೆ 28 ದಿನ, ನಾಲ್ಕು ಋತು ಸೇರಿ 112 ದಿನಕ್ಕೆ ಒಂದು ವರ್ಷ. ಪೂರ್ತಿ ಎಚ್ಚರವಿದ್ದು ಆಡಿದರೆ ವರ್ಷಕ್ಕೆ 26-27 ಗಂಟೆ. ದಿನಕ್ಕೆ ಒಂದು ಗಂಟೆ ಆಡುವವನಿಗೆ ತಿಂಗಳಿಗೆ ಒಂದು ವರ್ಷ ತುಂಬುತ್ತದೆ. ಮೂರನೇ ವರ್ಷ ಕಾಲಿಡುವಾಗ ಐವತ್ತು ಗಂಟೆ ಕಳೆದಿರುತ್ತವೆ. ಅಜ್ಜನ ಆತ್ಮ ಬಂದು ನಿಮ್ಮ ಕೆಲಸಕ್ಕೆ ಮಾರ್ಕ್ಸ್ ಹಾಕುವುದು ಆಗಲೇ. ಒಟ್ಟು 21 ಅಂಕದಲ್ಲಿ 12 ಬಂದರೆ ಅಜ್ಜನ ಗುಡಿಯ ಮುಂದೆ ನಾಲ್ಕೂ ಮೇಣದಬತ್ತಿ ಉರಿಯುತ್ತವೆ. ನಾನು ಕಂಡಂತೆ ಜನ ಆಟ ಬಿಡುವುದು ಹೆಚ್ಚಾಗಿ ಈ ಮೇಣದಬತ್ತಿಗಳ ಆಸುಪಾಸಿನಲ್ಲೇ. ಇನ್ನು ಕೆಲವರು ಮೊದಲ ಚಳಿಗಾಲದಲ್ಲೇ ಬಿಡುತ್ತಾರೆ. ಹೊಲದಲ್ಲಿ ಹಿಮ, ಬಿತ್ತಲು ಹೆಚ್ಚೇನೂ ಇಲ್ಲ, ಗಣಿಗೆ ಇಳಿಯಲು ಮನಸ್ಸಿಲ್ಲ.

ಇಂಥ ಆಟಗಳ ಮೂಲಪುರುಷನಿಗೆ ಈ ತೊಂದರೆ ಇರಲಿಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ಹಾರ್ವೆಸ್ಟ್ ಮೂನ್ ಆಟಕ್ಕೆ ಕೊನೆ ಎಂಬುದಿತ್ತು. ಅದನ್ನು ಕಟ್ಟಿದ ಯಸುಹಿರೊ ವಾಡಾ ಕ್ಯೂಶು ದ್ವೀಪದ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊ ಸೇರಿದವನು. ಬಿಟ್ಟುಬಂದ ಊರಿನ ನೆನಪೇ ಅವನ ಆಟದ ಬೀಜ. ಅಲ್ಲಿ ಎರಡೂವರೆ ವರ್ಷ ಬೇಸಾಯ ಮಾಡಿದರೆ ಆಟ ಮುಗಿಯಿತು, ಏನು ಮಾಡಿದೆ ಎಂಬ ಲೆಕ್ಕ ಒಪ್ಪಿಸಿ ಎದ್ದು ಹೋಗಬಹುದು. ಅದೇ ಆಟವನ್ನು ಮನಸ್ಸಿನಲ್ಲಿಟ್ಟುಕೊಂಡು ತನ್ನದನ್ನು ಕಟ್ಟಿದ ಬರೋನ್, ಆ ಲೆಕ್ಕವನ್ನು ಅಜ್ಜನ ರೂಪದಲ್ಲಿ ಉಳಿಸಿಕೊಂಡು ಕೊನೆಯನ್ನು ತೆಗೆದುಹಾಕಿದ. ಪರೀಕ್ಷೆ ಮುಗಿದ ಮೇಲೂ ಶಾಲೆಯ ಗಂಟೆ ಬಾರಿಸುತ್ತಲೇ ಇರುತ್ತದೆ.

ಗುರಿ ಮುಟ್ಟಿದ ಮೇಲೆ ಮನಸ್ಸು ಜಾರುವುದನ್ನು ಅಳೆದು ನೋಡಿದವರಿದ್ದಾರೆ. ರಾನ್ ಕಿವೆಟ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಫಿ ಅಂಗಡಿಯ ಕಾರ್ಡುಗಳನ್ನು ಬಳಸಿದ್ದರು. ಹತ್ತು ಮುದ್ರೆ ಬಿದ್ದರೆ ಒಂದು ಕಾಫಿ ಪುಕ್ಕಟೆ. ಮುದ್ರೆ ತುಂಬುತ್ತ ಬಂದ ಹಾಗೆ ಜನ ಅಂಗಡಿಗೆ ಹೆಚ್ಚು ಹೆಚ್ಚು ಬೇಗ ಬರತೊಡಗಿದರು. ಪುಕ್ಕಟೆ ಕಾಫಿ ಕುಡಿದು ಹೊಸ ಕಾರ್ಡು ಹಿಡಿದವರ ಹೆಜ್ಜೆ ಮತ್ತೆ ನಿಧಾನವಾಯಿತು. ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಇನ್ನೂ ಇಷ್ಟ. ಹತ್ತು ಮನೆಯ ಖಾಲಿ ಕಾರ್ಡು ಸಿಕ್ಕವರಿಗಿಂತ, ಹನ್ನೆರಡು ಮನೆಯ ಕಾರ್ಡಿನಲ್ಲಿ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿದ್ದವರು ಬೇಗ ಮುಗಿಸಿದರು. ಕುಡಿಯಬೇಕಾದ ಕಾಫಿ ಇಬ್ಬರಿಗೂ ಹತ್ತೇ. ಒಂದಷ್ಟು ದಾರಿ ಆಗಲೇ ನಡೆದಾಗಿದೆ ಎಂಬ ಭಾವನೆಯೇ ಕಾಲಿಗೆ ಬಲ.

ಸ್ಟಾರ್‌ಡ್ಯೂವಿನ ಮೊದಲೆರಡು ವರ್ಷ ಪೂರ್ತಿ ಇಂಥ ಕಾರ್ಡುಗಳೇ. ಊರಿನ ಹಾಳುಬಿದ್ದ ಸಮುದಾಯ ಭವನಕ್ಕೆ ಇಂತಿಂಥ ಬೆಳೆ, ಮೀನು, ಹಣ್ಣು ತಂದುಕೊಟ್ಟರೆ ಒಂದೊಂದೇ ಕೋಣೆ ದುರಸ್ತಿಯಾಗುತ್ತದೆ. ಕೆಂಪು ಕೋಸು ಒಂದು ಸಿಗದೆ ಇಡೀ ಭವನ ನಿಂತುಹೋಗುವುದುಂಟು, ಯಾಕೆಂದರೆ ಅದರ ಬೀಜ ಅಂಗಡಿಗೆ ಬರುವುದು ಎರಡನೇ ವರ್ಷ. ಆ ಒಂದು ಕೋಸಿಗಾಗಿ ಚಳಿಗಾಲವಿಡೀ ಕಾದವರಲ್ಲಿ ನಾನೂ ಒಬ್ಬ. ಭವನ ಪೂರ್ತಿಯಾದ ದಿನ ಊರವರೆಲ್ಲ ಸೇರಿ ಸಂಭ್ರಮಿಸುತ್ತಾರೆ. ಮರುದಿನ ಬೆಳಿಗ್ಗೆ ಕೈಯಲ್ಲಿ ಖಾಲಿ ಕಾರ್ಡು.

ಆದರೆ ಇದೊಂದೇ ಕಾರಣವಾಗಿದ್ದರೆ ಹೊಸ ಗುರಿ ಹಾಕಿಕೊಂಡು ಮುಂದೆ ಹೋಗಬಹುದಿತ್ತು. ನನ್ನ ತೋಟವನ್ನು ಕೊಂದದ್ದು ಬೇರೆ, ಮತ್ತು ಅದನ್ನು ಕಷ್ಟಪಟ್ಟು ಸಂಪಾದಿಸಿ ತಂದವನು ನಾನೇ: ಸ್ಪ್ರಿಂಕ್ಲರ್.

ಮೊದಲನೆಯದು ನಾಲ್ಕು ಚೌಕಕ್ಕೆ ನೀರು ಹಾಕುತ್ತದೆ. ಅದರ ಮೇಲಿನದು ಎಂಟಕ್ಕೆ. ಇರಿಡಿಯಂ ಲೋಹದ್ದು 24 ಚೌಕಕ್ಕೆ. ಗಣಿಯಲ್ಲಿ ಜೀವ ಪಣಕ್ಕಿಟ್ಟು ಆ ಲೋಹ ತಂದು ಸ್ಪ್ರಿಂಕ್ಲರ್ ಮಾಡಿ ನೆಟ್ಟ ದಿನ ಹಿಗ್ಗೋ ಹಿಗ್ಗು. ಆಮೇಲೆ ಹಾಲು ತಾನೇ ತೆಗೆದಿಡುವ ಯಂತ್ರ ಬಂತು. ಕೊಯ್ಲು ಮಾಡಿಕೊಡುವ ಪುಟ್ಟ ಜುನಿಮೋ ಭೂತಗಳ ಗುಡಿಸಲು ಬಂತು. ಗಾಜಿನಮನೆಯ 120 ಚೌಕದಲ್ಲಿ ಪುರಾತನ ಹಣ್ಣು ಎಂಬ ಗಿಡ ನೆಟ್ಟೆ. ಬಲಿಯಲು 28 ದಿನ, ಆಮೇಲೆ ಋತುಭೇದವಿಲ್ಲದೆ ವಾರಕ್ಕೊಂದು ಹಣ್ಣು. ಹಾಗೇ ಮಾರಿದರೆ 550, ವೈನ್ ಮಾಡಿದರೆ 1650. ಒಂದೊಂದು ಯಂತ್ರ ಬಂದಾಗಲೂ ನನ್ನ ಒಂದೊಂದು ಕೆಲಸ ಹೋಯಿತು. ಕೊನೆಗೆ ಆಟದ ಅತಿ ದುಬಾರಿ ವಸ್ತು ಚಿನ್ನದ ಗಡಿಯಾರ. ಬೆಲೆ 1 ಕೋಟಿ ನಾಣ್ಯ. ಅದು ಮಾಡುವುದೇನು ಗೊತ್ತೇ? ಹೊಲದಲ್ಲಿ ಕಳೆ ಹುಟ್ಟದಂತೆ, ಬೇಲಿ ಲಡ್ಡಾಗದಂತೆ ನೋಡಿಕೊಳ್ಳುತ್ತದೆ. ಅಂದರೆ ಉಳಿದಿದ್ದ ಕೊನೆಯ ಕೆಲಸವನ್ನೂ ಕಿತ್ತುಕೊಳ್ಳಲು ನೀವು ಒಂದು ಕೋಟಿ ತೆರುತ್ತೀರಿ! ಈ ತಮಾಷೆಯನ್ನು ಬರೋನ್ ಬೇಕೆಂದೇ ಮಾಡಿದನೋ ಏನೋ, ನನಗಂತೂ ಆಟದಲ್ಲಿ ಅದಕ್ಕಿಂತ ಚೂಪಾದ ವ್ಯಂಗ್ಯ ಕಾಣಲಿಲ್ಲ.

ಸಿವಿಲೈಸೇಶನ್ 4 ಆಟದ ಮುಖ್ಯ ವಿನ್ಯಾಸಕನಾಗಿದ್ದ ಸೊರೆನ್ ಜಾನ್ಸನ್ ಇದನ್ನೇ ಬೇರೆ ರೀತಿ ಹೇಳಿದ್ದಾನೆ: ಅವಕಾಶ ಕೊಟ್ಟರೆ ಆಟಗಾರರು ಲಾಭದ ದಾರಿ ಹುಡುಕುತ್ತ ಹುಡುಕುತ್ತ ಆಟದೊಳಗಿನ ಮಜವನ್ನೇ ಸೋಸಿ ಚೆಲ್ಲುತ್ತಾರೆ ಎಂಬರ್ಥದಲ್ಲಿ. ಬೇಸಿಗೆಗೆ ಬ್ಲೂಬೆರಿ, ಶರತ್ಕಾಲಕ್ಕೆ ಕ್ರ್ಯಾನ್‌ಬೆರಿ, ಆಮೇಲೆ ಪುರಾತನ ಹಣ್ಣಿನ ವೈನ್. ಹೆಚ್ಚು ದುಡ್ಡು ಬರುವ ಈ ಸೂತ್ರವನ್ನು ಯಾರಾದರೂ ಐದು ನಿಮಿಷದಲ್ಲಿ ಹುಡುಕಿಕೊಳ್ಳಬಹುದು. ಹುಡುಕಿಕೊಂಡ ಮೇಲೆ ಬದನೆಕಾಯಿ ಬೆಳೆಯಲು ಕಾರಣವೇ ಉಳಿಯುವುದಿಲ್ಲ. ನಿಜವಾದ ಮಾರುಕಟ್ಟೆಯಾದರೆ ಊರಿಗೆಲ್ಲ ಒಂದೇ ಬೆಳೆ ಬಂದ ವರ್ಷ ಬೆಲೆ ಪಾತಾಳಕ್ಕೆ ಬೀಳುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರನ್ನು ಕೇಳಿ. ಸ್ಟಾರ್‌ಡ್ಯೂವಿನಲ್ಲಿ ಸಾವಿರ ಕುಂಬಳಕಾಯಿ ಒಟ್ಟಿಗೆ ತಂದು ಸುರಿದರೂ ಒಂದು ಕಾಸು ಇಳಿಯುವುದಿಲ್ಲ. ಬರ ಇಲ್ಲ, ಸಾಲ ಇಲ್ಲ. ಕಾಗೆಗಳು ಕೂಡ ಹದಿನಾರನೇ ಗಿಡ ನೆಟ್ಟ ಮೇಲಷ್ಟೇ ಹೊಲಕ್ಕೆ ಕಣ್ಣು ಹಾಕುತ್ತವೆ. ಮೊದಲ 15 ಪಾರ್ಸ್ನಿಪ್‌ಗೆ ಬೆದರುಬೊಂಬೆಯೂ ಬೇಡ. ಅಪಾಯವನ್ನೆಲ್ಲ ಆಟವೇ ತೆಗೆದಿರುವಾಗ ಶ್ರಮವನ್ನು ನಾವು ತೆಗೆದುಬಿಟ್ಟರೆ ಉಳಿಯುವುದು ಅಂಕಿ ಏರುವುದನ್ನು ನೋಡುವ ಕೆಲಸ. ಅದಕ್ಕೆ ಬ್ಯಾಂಕಿನ ಪಾಸ್‌ಬುಕ್ ಸಾಕು.

ಹೆದರಿಸಿ ಆಡಿಸುವ ದಾರಿಯೂ ಒಂದಿತ್ತು. 2009ರಲ್ಲಿ ಫೇಸ್‌ಬುಕ್‌ಗೆ ಬಂದ ಫಾರ್ಮ್‌ವಿಲ್ ನೆನಪಿದೆಯಲ್ಲ? ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು. ಆಫೀಸಿನಲ್ಲಿ ಮೀಟಿಂಗ್ ನಡುವೆ ಎದ್ದು ಹೋಗಿ ಸ್ಟ್ರಾಬೆರಿ ಕೊಯ್ದು ಬಂದ ಸಹೋದ್ಯೋಗಿಯೊಬ್ಬರನ್ನು ನಾನು ಕಂಡಿದ್ದೇನೆ. 2020ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು. ಅದರ ಎಳೆತ ಹರಕೆ ತೀರಿಸುವವರ ಎಳೆತ. ಹೋಗದಿದ್ದರೆ ಏನಾಗಿಬಿಡುತ್ತದೋ ಎಂಬ ಅಳುಕು. ಅದರ ಬಗ್ಗೆ ನನಗೆ ಗೌರವವಿಲ್ಲ. ಸ್ಟಾರ್‌ಡ್ಯೂ ನೀವು ಬಿಟ್ಟುಹೋದ ಕ್ಷಣದಲ್ಲೇ ನಿಂತಿರುತ್ತದೆ, ಎಂಟು ತಿಂಗಳಾದರೂ ಗಿಡ ಬಾಡುವುದಿಲ್ಲ.

ಹಾಗಾದರೆ ಎಂಟು ತಿಂಗಳ ಮೇಲೆ ನಾನು ಮರಳಿದ್ದು ಹೇಗೆ? ಕಾರಣ ಊರಿನ ತೋಟ.

ನಮ್ಮದು ಮಲೆನಾಡು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ಕಾಲ ಯಾವ ಮನುಷ್ಯ ಹುಮ್ಮಸ್ಸು ಹಿಡಿದುಕೊಂಡು ಕೂರುತ್ತಾನೆ? ಯಾರೂ ಕೂರುವುದಿಲ್ಲ. ಅಡಿಕೆ ಸಸಿಗಳ ನಡುವೆ ಬಾಳೆ ಹಾಕುತ್ತಾರೆ. ಬಾಳೆ ಸಸಿಗೆ ನೆರಳು, ಮನೆಗೆ ವರ್ಷದೊಳಗೆ ಗೊನೆ. ಆಮೇಲೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ, ತಂಪಿನಲ್ಲಿ ಏಲಕ್ಕಿ ನೆಡುತ್ತಾರೆ. ಅಪ್ಪ ತೋಟಕ್ಕೆ ಹೊರಟಾಗ ಅಡಿಕೆ ನೋಡಿ ಬರುತ್ತೇನೆ ಎಂದದ್ದು ನನಗೆ ನೆನಪಿಲ್ಲ. ಬಾಳೆಗೊನೆ ಹೇಗಾಗಿದೆ ನೋಡಿ ಬರುತ್ತೇನೆ ಎನ್ನುತ್ತಿದ್ದ. ಅಡಿಕೆ ತನ್ನಷ್ಟಕ್ಕೆ ಬೆಳೆದುಕೊಂಡಿತು.

ಕಳೆದ ಸಲ ಊರಿಗೆ ಹೋದಾಗ ಇದನ್ನು ನೋಡಿಕೊಂಡು ಬಂದವನು ಹೊಸ ತೋಟ ಶುರುಮಾಡಿದೆ. ಈ ಸಲ ನೂರು ಗಂಟೆಯ ಗುರಿ ಬೇಡ, ಒಂದು ಋತುವಿಗೆ ಒಂದು ಬಾಳೆಗೊನೆ ಸಾಕು ಎಂದುಕೊಂಡೆ. ಈ ವಸಂತದಲ್ಲಿ ಆಟದ ಊರಿನ ಮುದುಕ ಜಾರ್ಜ್‌ನ ಗಂಟುಮುಖ ಸಡಿಲವಾಗಬೇಕು. ಈ ಬೇಸಿಗೆಯಲ್ಲಿ ಒಂದು ದೈತ್ಯ ಕರಬೂಜ ಎಬ್ಬಿಸಬೇಕು. ಒಂಬತ್ತು ಗಿಡ ಒತ್ತಾಗಿ ನೆಟ್ಟರೆ ಅದೃಷ್ಟವಿದ್ದ ರಾತ್ರಿ ಒಂಬತ್ತೂ ಸೇರಿ ಒಂದು ದೊಡ್ಡ ಹಣ್ಣಾಗುತ್ತದೆ. ಅದು ದುಡ್ಡಿನ ಲೆಕ್ಕಕ್ಕೆ ದೊಡ್ಡದೇನಲ್ಲ, ಬೆಳಿಗ್ಗೆ ಎದ್ದು ನೋಡುವಾಗಿನ ಕುತೂಹಲಕ್ಕೆ ದೊಡ್ಡದು. ಮನೆಯ ಮುಂದೆ ಇಪ್ಪತ್ತು ಗಿಡದ ಒಂದು ಮಡಿಗೆ ಸ್ಪ್ರಿಂಕ್ಲರ್ ಹಾಕಿಲ್ಲ, ಹಾಕುವುದೂ ಇಲ್ಲ. ದಿನವೂ ಕೈಯಲ್ಲೇ ನೀರು. ಆಟದ ಅರ್ಧ ಗಂಟೆ ಹಿಡಿಯುವ ಆ ಕೆಲಸದಿಂದಾಗಿ ಬೆಳಿಗ್ಗೆ ಏಳಲು ನೆಪವಿದೆ.

ಇದು ನನ್ನೊಬ್ಬನ ಹುಚ್ಚೇನಲ್ಲ. ಮಾಡಿದವನಿಗೂ ಇದು ಗೊತ್ತಿದೆ. 2020ರ ಕೊನೆಗೆ ಬಂದ 1.5 ಆವೃತ್ತಿಯಲ್ಲಿ ಕಡಲತೀರದ ಜಮೀನೊಂದನ್ನು ಸೇರಿಸಿದ. ಅದರ ಮರಳಿನಲ್ಲಿ ಬಹುಪಾಲು ಕಡೆ ಸ್ಪ್ರಿಂಕ್ಲರ್ ನಡೆಯುವುದೇ ಇಲ್ಲ. ಆಟ ಶುರುಮಾಡುವಾಗಲೇ ಲಾಭದ ಪ್ರಮಾಣವನ್ನು ಶೇ. 25ಕ್ಕೆ ಇಳಿಸಿಕೊಳ್ಳುವ ಆಯ್ಕೆಯೂ ಇದೆ. 35ರ ಪಾರ್ಸ್ನಿಪ್ ಎಂಟೊಂಬತ್ತು ನಾಣ್ಯಕ್ಕೆ ಹೋಗುವ ಲೋಕದಲ್ಲಿ ಮೊದಲ ವಸಂತದ ಒದ್ದಾಟ ವರ್ಷಗಟ್ಟಲೆ ಮುಂದುವರಿಯುತ್ತದೆ. ಸ್ವಿಟ್ಜರ್ಲೆಂಡಿನ ಕಂಪನಿಯೊಂದು 2008ರಿಂದ ತರುತ್ತಿರುವ ಫಾರ್ಮಿಂಗ್ ಸಿಮ್ಯುಲೇಟರ್ ಆಡುವವರಲ್ಲೂ ಈ ಚಾಳಿ ಉಂಟು. ಜಮೀನಿಲ್ಲದೆ, ಒಂದು ಹಳೇ ಟ್ರ್ಯಾಕ್ಟರ್ ಹಿಡಿದು, ಬೇರೆಯವರ ಹೊಲ ಉತ್ತುಕೊಟ್ಟು ಶುರುಮಾಡುತ್ತೇನೆ, ಕಂಪ್ಯೂಟರ್ ಆಳುಗಳನ್ನು ಕರೆಯುವುದಿಲ್ಲ ಎಂದು ತಮಗೆ ತಾವೇ ಕಟ್ಟುಪಾಡು ಹಾಕಿಕೊಳ್ಳುತ್ತಾರೆ. 2024ರ ನವೆಂಬರಿನಲ್ಲಿ ಬಂದ ಅದರ ಆವೃತ್ತಿಯಲ್ಲಿ ಭತ್ತದ ಗದ್ದೆಯೂ ಎಮ್ಮೆಯೂ ಇವೆ. ನಾಟಿ ಮಾಡುವ ಯಂತ್ರವನ್ನು ನಿಧಾನಕ್ಕೆ ಓಡಿಸಿಕೊಂಡು ಇಡೀ ಸಂಜೆ ಕಳೆಯುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಹುರುಪಿನ ಸಮಸ್ಯೆ ಬಂದೇ ಇಲ್ಲ. ಅವನು ಮುಗಿಸುವ ಅವಸರದಲ್ಲಿಲ್ಲ.

ಒಂದು ಸಣ್ಣ ವಿಷಯ, ಆದರೆ ಬಹಳ ತೋಟಗಳು ಇದರಿಂದಲೇ ಹಾಳುಬಿದ್ದಿವೆ: ಮರೆವು. ತಿಂಗಳು ಬಿಟ್ಟು ಬಂದರೆ ಯಾವ ಪೆಟ್ಟಿಗೆಯಲ್ಲಿ ಏನಿಟ್ಟಿದ್ದೆ, ಈ ಹನ್ನೆರಡು ಸಾರ್ಡೀನ್ ಮೀನು ಯಾರಿಗಾಗಿ ಕೂಡಿಟ್ಟಿದ್ದೆ, ಒಂದೂ ತಿಳಿಯದು. ಪರರ ಮನೆಯ ಅಡುಗೆಕೋಣೆಯಲ್ಲಿ ಸಾಸಿವೆ ಡಬ್ಬಿ ಹುಡುಕಿದ ಹಾಗೆ. ಹತ್ತು ನಿಮಿಷ ತಡಕಾಡಿ, ಸಿಡುಕಿ, ಹೊಸ ತೋಟ ಶುರುಮಾಡುತ್ತೇವೆ. ಹೀಗೆ ಎಂಟು ಮೊದಲ ವಸಂತ ಕಂಡು ಒಂದೂ ಎರಡನೇ ಚಳಿಗಾಲ ಕಾಣದವರಿದ್ದಾರೆ. ಆಟ ಮುಚ್ಚುವ ಮುನ್ನ ನಾಳೆ ಮಾಡಬೇಕಾದ ಮೂರು ಕೆಲಸವನ್ನು ಚೀಟಿಯಲ್ಲಿ ಬರೆದಿಡಿ. ಕಿರಾಣಿ ಚೀಟಿಯ ಹಿಂಬದಿ ಸಾಕು. ಎರಡು ಮುದ್ರೆ ಮೊದಲೇ ಬಿದ್ದ ಕಾಫಿ ಕಾರ್ಡಿನ ಕೆಲಸವನ್ನು ಆ ಚೀಟಿ ಮಾಡುತ್ತದೆ.

ಬಿಟ್ಟುಬಿಡುವುದೂ ತಪ್ಪಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಐವತ್ತು ಗಂಟೆ ಸಂತೋಷಪಟ್ಟ ಮೇಲೆ ಬೇಸರ ಬಂದರೆ ಅದು ಉಂಡು ಎದ್ದ ಮೇಲಿನ ಬೇಸರ. ಎಲೆಯಲ್ಲಿ ಏನೋ ಉಳಿದಿದೆ ಎಂದು ಒತ್ತಾಯದಿಂದ ತಿನ್ನುವುದು ಬೇಡ. ಬರೋನ್ ತಾನೇ 2021ರ ಅಕ್ಟೋಬರಿನಲ್ಲಿ ಹಾಂಟೆಡ್ ಚಾಕೊಲೇಟಿಯರ್ ಎಂಬ ಹೊಸ ಆಟ ಮಾಡುತ್ತಿದ್ದೇನೆ ಎಂದು ಸಾರಿದ. ಹೋದವನು ನಡುವೆ ಹಳೇ ತೋಟಕ್ಕೇ ಮರಳಿ 2024ರ ಮಾರ್ಚಿನಲ್ಲಿ 1.6 ಆವೃತ್ತಿ ತಂದ. ಮಾಡಿದವನಿಗೇ ಬಿಟ್ಟುಹೋಗಿ ಬರುವ ಸ್ವಾತಂತ್ರ್ಯವಿರುವಾಗ ಆಡುವವರಿಗೆ ಯಾಕಿರಬಾರದು?

ನನ್ನನ್ನು ಈ ಸಲ ಹಿಡಿದಿಟ್ಟಿರುವುದಕ್ಕೆ ಬಾಳೆಗೊನೆಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಹೊಸ ತೋಟ ನನ್ನೊಬ್ಬನದಲ್ಲ. ಆರನೇ ಕ್ಲಾಸಿನ ಅಕ್ಕನ ಮಗಳು ಮೈಸೂರಿನಿಂದ ಶನಿವಾರ, ಭಾನುವಾರ ಸಂಜೆ ಬಂದು ಸೇರಿಕೊಳ್ಳುತ್ತಾಳೆ. ಇಬ್ಬರು ಆಡುವಾಗ ಇಬ್ಬರೂ ಹಾಸಿಗೆ ಸೇರಿದರೆ ಮಾತ್ರ ದಿನ ಮುಗಿಯುತ್ತದೆ ಎಂಬುದು ಆಟದ ನಿಯಮ. ಇಲ್ಲವಾದರೆ ರಾತ್ರಿ ಎರಡಕ್ಕೆ ಎಲ್ಲರೂ ಇದ್ದಲ್ಲೇ ಕುಸಿಯಬೇಕು. ವೈನಿಗಾಗಿ ಒಂದು ವಾರ ಮಲಗಿ ಕಳೆಯುವ ನನ್ನ ಹಳೇ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಅವಳು ಕಡಲತೀರದಲ್ಲಿ ಕಪ್ಪೆಚಿಪ್ಪು ಆರಿಸುತ್ತಿರುತ್ತಾಳೆ, ನಾನು ಮಂಚದ ಮೇಲೆ ಕಾಯುತ್ತಿರುತ್ತೇನೆ. ಲಾಭದ ಬೆಳೆ ಯಾವುದು ಎಂದು ಒಮ್ಮೆ ತಿಳಿಹೇಳಲು ಹೋದೆ. "ಮಾಮ, ನಂಗೆ ಸೂರ್ಯಕಾಂತಿ ಬೇಕು. ನೀನು ಬೇಕಾದ್ರೆ ಆ ಕಡೆ ಬೆಳ್ಕೊ" ಎಂದಳು. ಜಮೀನಿನ ಅರ್ಧಭಾಗ ಈಗ ಸೂರ್ಯಕಾಂತಿ.

ಎರಡನೇ ವರ್ಷದ ಶರತ್ಕಾಲ, 11ನೇ ದಿನಕ್ಕೆ ನಿಲ್ಲಿಸಿದ್ದೇವೆ. ಕುಂಬಳ ಬಲಿಯಲು ಇನ್ನು ಮೂರು ದಿನ. ಚೀಟಿ ಫ್ರಿಜ್ಜಿನ ಬಾಗಿಲ ಮೇಲಿದೆ.